ಕಳಸದ ಅಜ್ಜಿ, ಶಿಕಾಗೋದ ಹಾವು

ಕಳಸದವರಿಗೆ ಹೊರನಾಡು ಎಂದರೆ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಸಿಗುವ ಅನ್ನಪೂರ್ಣೇಶ್ವರಿಯ ಊರು. ಅವರ ಮಕ್ಕಳಿಗೆ ಹೊರನಾಡು ಎಂದರೆ ವಿಮಾನ ಬದಲಿಸಿ ಬದಲಿಸಿ ತಲುಪುವ ಶಿಕಾಗೋ. ಮೊದಲನೆಯದರಲ್ಲಿ ಹೋದವರಿಗೆಲ್ಲ ಊಟ ಹಾಕುತ್ತಾರೆ. ಎರಡನೆಯದರಲ್ಲಿ ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುತ್ತಾನೆ. ಊರಿನಿಂದ ಅಜ್ಜಿ ಆರು ತಿಂಗಳ ಮಟ್ಟಿಗೆ ಬರುತ್ತಾರೆಂದು ಗೊತ್ತಾದ ದಿನದಿಂದ ಇಂಥ ಮನೆಗಳಲ್ಲಿ ಒಂದೇ ಚರ್ಚೆ: ಪೆಟ್ಟಿಗೆಯನ್ನು ಬೇಸ್‌ಮೆಂಟಿಗೆ ಸಾಗಿಸುವುದೋ, ಅಜ್ಜಿಯನ್ನೋ? ಈ ಚರ್ಚೆಯೇ ದಂಡ ಎಂಬುದು ನನ್ನ ವಾದ. ಹಾವು ಪೊರೆ ಬಿಡುವ ಒಂದೆರಡು ವಾರ ಆ ಮನೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿರುವವರು ಒಬ್ಬರೇ ಇರುತ್ತಾರೆ, ಅವರು ಕಾಫಿ ಸೀಮೆಯಿಂದ ಬಂದ ಆ ಅಜ್ಜಿ.

ಮಗ-ಸೊಸೆ ಗಾಬರಿಬೀಳುವ ಲಕ್ಷಣಗಳನ್ನೇ ನೋಡಿ. ಪಶ್ಚಿಮ ಆಫ್ರಿಕಾ ಮೂಲದ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಬಾಲ್ ಪೈಥಾನ್ ಎಂಬ ಹೆಬ್ಬಾವು ಅಮೆರಿಕದ ಮನೆಗಳಲ್ಲಿ ಬಲು ಜನಪ್ರಿಯ. ಒಂದು ದಿನ ಅದರ ಮೈ ಮಂಕಾಗುತ್ತದೆ. ಹೊಟ್ಟೆ ನಸುಗೆಂಪಾಗುತ್ತದೆ. ಕಣ್ಣು ನೀಲಿ ಬೆರೆಸಿದ ಹಾಲಿನಂತಾಗುತ್ತದೆ. ಇಲಿ ಇಟ್ಟರೆ ಮೂಸುವುದಿಲ್ಲ, ಮೂಲೆ ಬಿಟ್ಟು ಬರುವುದಿಲ್ಲ, ಮುಟ್ಟಹೋದರೆ ಬುಸ್ಸೆನ್ನುತ್ತದೆ. ಊಟ ಬೇಡ, ಮಾತು ಬೇಡ, ಕೋಣೆಯಿಂದ ಹೊರಗೆ ಬರುವುದಿಲ್ಲ ಎಂಬ ಇದೇ ಲಕ್ಷಣಗಳು ಹದಿನಾಲ್ಕರ ಮಗನಲ್ಲಿ ಕಂಡರೆ ವಯಸ್ಸು ಎಂದು ಸುಮ್ಮನಾಗುವ ತಂದೆ, ಹಾವಿನಲ್ಲಿ ಕಂಡ ಕೂಡಲೇ ಪಶುವೈದ್ಯರಿಗೆ ಫೋನ್ ಹಚ್ಚುತ್ತಾರೆ. ಅರ್ಧ ತಪ್ಪು ಕನ್ನಡದ್ದೇ. ಅಜ್ಜಿಯ ಕಣ್ಣಿಗೂ ಪೊರೆ, ಹಾವಿನ ಮೈಮೇಲೂ ಪೊರೆ. ಒಂದಕ್ಕೆ ಆಪರೇಷನ್ ಮಾಡಿಸಿದವರಿಗೆ ಇನ್ನೊಂದಕ್ಕೂ ಮಾಡಿಸಬೇಕೆನ್ನಿಸುವುದು ಸಹಜ. ಆದರೆ ಅಜ್ಜಿಯದು ಕಣ್ಣೊಳಗಿನ ಮಸೂರ ಮಬ್ಬಾದದ್ದು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆಯಿದೆ, ಅದೂ ಚರ್ಮದ ಭಾಗವೇ. ಹಳೆಯ ಪದರಕ್ಕೂ ಕೆಳಗೆ ಬೆಳೆದ ಹೊಸದಕ್ಕೂ ನಡುವೆ ದ್ರವ ತುಂಬಿದಾಗ ಎಲ್ಲ ಮಬ್ಬು. ಸರಿಯಾಗಿ ಕಾಣದ ಪ್ರಾಣಿ ಸಿಡುಕುವುದರಲ್ಲಿ ಆಶ್ಚರ್ಯವೇನು? ಕೆಲವು ದಿನಗಳಲ್ಲಿ ಕಣ್ಣು ತಾನಾಗಿ ತಿಳಿಯಾಗುತ್ತದೆ. ಮನೆಮಂದಿ ವಾಸಿಯಾಯಿತೆಂದು ನಿಟ್ಟುಸಿರು ಬಿಟ್ಟ ಮೇಲೆಯೇ ಅದು ತುಟಿಯ ಅಂಚನ್ನು ಕಲ್ಲಿಗೋ ಕೊರಡಿಗೋ ಉಜ್ಜಿ, ಕಾಲುಚೀಲ ಕಳಚಿದ ಹಾಗೆ ಇಡೀ ಪೊರೆಯನ್ನು ಒಳಮೈ ಹೊರಗಾಗಿಸಿ ಬಿಟ್ಟು ಹೊರಡುತ್ತದೆ. ಮರಿಗಳಿಗೆ ಇದು ಹೆಚ್ಚುಕಡಿಮೆ ತಿಂಗಳ ಕೆಲಸ. ಬೆಳೆದಂತೆ ಅಂತರ ಹೆಚ್ಚುತ್ತದೆ.

ಅಜ್ಜಿಗೆ ಇದೆಲ್ಲ ಓದಿ ಗೊತ್ತಿರುವುದಲ್ಲ. ಮೂಡಿಗೆರೆ, ಕಳಸದ ಕಡೆ ಸೌದೆ ರಾಶಿಯಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ, ಕಾಫಿ ಗಿಡದ ಬುಡದಲ್ಲಿ ಪೊರೆ ಕಂಡೇ ಬೆಳೆದವರು ಅವರು. ಮುಖದಿಂದ ಬಾಲದವರೆಗೆ ಇಡಿಯಾಗಿ, ಕಣ್ಣಿನ ಎರಡು ಬಿಲ್ಲೆಗಳೂ ಸೇರಿ ಬಂದಿದ್ದರೆ ಹಾವು ಚೆನ್ನಾಗಿದೆ ಎಂದು ಸಾಕುವವರ ಪುಸ್ತಕಗಳು ಹೇಳುತ್ತವೆ. ಹಣ್ಣಿನ ಸಿಪ್ಪೆ, ಪಾರ್ಚ್‌ಮೆಂಟು, ಅದರೊಳಗಿನ ಬೆಳ್ಳಿಪೊರೆ ಎಂದು ಒಂದು ಕಾಫಿ ಬೀಜದಲ್ಲೇ ಮೂರು ಹೊದಿಕೆ ಎಣಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಾವಿನ ವಿಚಾರದಲ್ಲಿ ನಮ್ಮ ಕಡೆಯ ಮಾತಿಗೆ ವಿಜ್ಞಾನವೂ ಕಿವಿಗೊಟ್ಟಿದೆ: ಪಶ್ಚಿಮ ಘಟ್ಟದ ಕಾಳಿಂಗ ಸರ್ಪವೇ ಒಂದು ಪ್ರತ್ಯೇಕ ಪ್ರಭೇದ ಎಂದು 2024ರಲ್ಲಿ ಹೆಸರಿಟ್ಟಾಗ ಆರಿಸಿಕೊಂಡದ್ದು ‘ಕಾಳಿಂಗ’ ಎಂಬ ಪದವನ್ನೇ. ಹಾಗೆಂದು ಅಜ್ಜಿಯ ಅಳತೆಯನ್ನು ನಂಬಬೇಡಿ. ಕಳಚುವಾಗ ಪೊರೆ ಹಿಗ್ಗುತ್ತದೆ, ಹುರುಪೆಗಳ ನಡುವಿನ ಮಡಿಕೆಗಳೂ ಬಿಚ್ಚಿಕೊಳ್ಳುತ್ತವೆ. ತೋಟದಲ್ಲಿ ಸಿಕ್ಕಿದ ಎಂಟಡಿ ಪೊರೆಯೊಳಗಿದ್ದ ಹಾವು ಎಂಟಡಿ ಇರಲಾರದು.

ಕಾಡಿನ ಹಾವು ನೋಡಿದವರಿಗೆ ಪೆಟ್ಟಿಗೆಯ ಹಾವು ಏನು ಗೊತ್ತು ಎಂದು ಮೊಮ್ಮಗ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪೆಟ್ಟಿಗೆಯ ಹಾವಿನ ಮುಖ್ಯ ಕಷ್ಟ ಅಜ್ಜಿಗೆ ಗೊತ್ತಿರುವ ಸಂಗತಿಯ ಕೊರತೆಯಿಂದಲೇ ಬರುತ್ತದೆ, ಅದು ತೇವ. ಆಷಾಢದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಸೀಮೆಯಲ್ಲಿ ಯಾವ ಹಾವಿಗೂ ಪೊರೆ ಮೈಗಂಟುವ ಚಿಂತೆಯಿಲ್ಲ. ಶಿಕಾಗೋದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯಬಹುದು, ಬಾಲ್ ಪೈಥಾನ್‌ಗೆ ಪೊರೆ ಬಿಡುವಾಗ ಬೇಕಾದದ್ದು ಅದರ ಇಮ್ಮಡಿ. ಆಗ ಪೊರೆ ಚೂರುಚೂರಾಗಿ ಬರುತ್ತದೆ, ಕಣ್ಣಿನ ಬಿಲ್ಲೆ ಉಳಿದುಬಿಡುತ್ತದೆ, ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿದು ರಕ್ತ ಹರಿಯದಂತೆ ಮಾಡುತ್ತದೆ. ಭಯಪಡಬೇಕಾದದ್ದು ಹಾಲುಗಣ್ಣಿಗಲ್ಲ, ಇದಕ್ಕೆ; ಪಶುವೈದ್ಯರ ಫೋನ್ ನಂಬರು ಬೇಕಾಗುವುದೂ ಇಲ್ಲಿಯೇ. ಮದ್ದು ಹಾವು ಹೊಕ್ಕು ಕೂರಲು ಒದ್ದೆ ಪಾಚಿ ತುಂಬಿದ ಒಂದು ಡಬ್ಬಿ, ಅಂದರೆ ಅಂಗೈಯಗಲದ ಕಳಸ. ಕೈಯಿಂದ ಎಳೆದು ಬಿಡಿಸಿದರಾಯಿತಲ್ಲ ಎನ್ನುವ ಇಂಜಿನಿಯರ್ ಮಗನಿಗೆ ಅಜ್ಜಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೆನಪಿಸಬೇಕು: ಹಣ್ಣಾಗದ ಕಾಯಿ ಹಾಕಿದರೆ ಸಿಪ್ಪೆ ಬಿಡುವುದಿಲ್ಲ, ಬೀಜ ಗಾಯವಾಗುತ್ತದೆ.

ಇನ್ನೊಂದು ಆಕ್ಷೇಪ ಸೊಸೆಯದು: ಅತ್ತೆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕೈಮುಗಿದರೆ ನೆರೆಮನೆಯವರು ಏನೆಂದಾರು? ಬೆನಿನ್ ದೇಶದ ಊಯಿಡಾ ಪಟ್ಟಣದಲ್ಲಿ ಹೆಬ್ಬಾವುಗಳ ಗುಡಿಯೇ ಇದೆ, ಅಲ್ಲಿ ಪೂಜ್ಯವಾದದ್ದು ಇದೇ ಜಾತಿಯ ಹಾವು. ಕೈಮುಗಿಯುವ ವಿಚಾರದಲ್ಲಿ ಅಜ್ಜಿಯೇ ಹಾವಿನ ತವರುಮನೆಯ ಪದ್ಧತಿಗೆ ಹತ್ತಿರ. ಹಾವು ಮುಟ್ಟಿದರೆ ಕೈ ತೊಳೆಯದೆ ಒಳಗೆ ಬರಬೇಡ ಎಂಬ ಅವರ ಮಡಿಯೂ ಸರಿಯೇ, ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆ. ಅಳತೆ ಬಿಟ್ಟರೆ ಅಜ್ಜಿ ಎಡವುವುದು ಒಂದೇ ಕಡೆ, ಊಟದಲ್ಲಿ. ಅನ್ನಪೂರ್ಣೇಶ್ವರಿಯ ನೆರೆಯಲ್ಲಿ ಬಾಳಿದವರಿಗೆ ಮನೆಯಲ್ಲೊಂದು ಜೀವ ಎರಡು ವಾರ ಉಪವಾಸವಿದ್ದರೆ ತಡೆಯದು. ನಾಗರಪಂಚಮಿಯ ನೆನಪಾಗಿ ಹಾಲಿನ ಬಟ್ಟಲು ಇಟ್ಟೇಬಿಡುತ್ತಾರೆ. ಹಾವು ಹಾಲಿನ ಪ್ರಾಣಿಯಲ್ಲ, ನೀರಿನ ಬಟ್ಟಲು ಸಾಕು. ಪೊರೆ ಬಿಟ್ಟ ಮೇಲೆ ಅದರ ಹಸಿವು ತಾನಾಗಿ ಮರಳುತ್ತದೆ, ಆಗ ಬೇಕಾಗುವುದು ಫ್ರೀಜರಿನಲ್ಲಿರುವ ಇಲಿ. ಆ ಫ್ರೀಜರಿನಲ್ಲೇ ತೆಂಗಿನ ತುರಿಯೂ ಇರುತ್ತದೆ. ಎರಡೂ ಬೆಳ್ಳಗಿನ ಪೊಟ್ಟಣ, ಎರಡೂ ಕಲ್ಲಿನಂತೆ ಗಟ್ಟಿ. ಮೇಲೆ ಹೆಸರು ಬರೆದು ಅಂಟಿಸಿಡಿ, ಕನ್ನಡದಲ್ಲೇ ಬರೆಯಿರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಟ್ನಿಗೆ ಕೈ ಹಾಕುವವರು ಅಜ್ಜಿ.