ಆಯ್ಕೆ ಹೇಳಿ ಸಾರ್!

(2024ರ ಡಿಸೆಂಬರ್ 3, ಸಂಜೆ. ಸರ್ಕಾರಿ ಶಾಲೆಯ ಆರನೇ ತರಗತಿ. ಗೋಡೆಯ ಮಗ್ಗಿ ಅಳಿಸಿ ಎ, ಬಿ, ಸಿ, ಡಿ ವೃತ್ತ ಬರೆದಿದ್ದಾರೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಬಂದಿದ್ದಾರೆ.)

ಸಿಆರ್‌ಪಿ: ಮೇಷ್ಟ್ರೇ, ನಾಳೆ ಮಕ್ಕಳ ಕಲಿಕೆ ಅಳೆಯೋ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ. 3, 6, 9ನೇ ತರಗತಿ. ಮಕ್ಕಳು ರೆಡಿನಾ?

ಮೇಷ್ಟ್ರು: ಪಾಠ ನಿಲ್ಲಿಸಿ ಓಎಂಆರ್ ಹಾಳೆಯ ವೃತ್ತ ತುಂಬೋದನ್ನೇ ಕಲಿಸಿದ್ದೀವಿ ಸಾರ್. ಗೆರೆ ದಾಟಲ್ಲ.

ಸಿಆರ್‌ಪಿ: ಬಾಮ್ಮ ಇಲ್ಲಿ. ಹನ್ನೆರಡು ಮಾವಿನಹಣ್ಣಿನ ಮೂರನೇ ಒಂದು ಭಾಗ ಎಷ್ಟು?

ಹುಡುಗಿ: ಆಯ್ಕೆ ಹೇಳಿ ಸಾರ್.

ಸಿಆರ್‌ಪಿ: ಆಯ್ಕೆ ಇಲ್ಲ. ನೀನೇ ಹೇಳು.

ಹುಡುಗಿ: ಹಂಗಾದ್ರೆ ಬಿ.

ಮೇಷ್ಟ್ರು: ಪ್ರಗತಿ ನೋಡಿದ್ರಾ! ಜೂನ್‌ನಲ್ಲಿ ಪಾಪ, ಬರೀ ‘ನಾಲ್ಕು’ ಅಂತಿದ್ಲು.

ಸಿಆರ್‌ಪಿ: ಭೇಷ್. ಅಂದಹಾಗೆ, ನಾಳೆಯದು ಮಗುವಿನ ಪರೀಕ್ಷೆ ಅಲ್ಲ, ವ್ಯವಸ್ಥೆಯದ್ದು. ಯಾರೂ ಹೆದರಬೇಡಿ.

ಮೇಷ್ಟ್ರು: ಮಕ್ಕಳು ಹೆದರಿಲ್ಲ ಸಾರ್. ನಿನ್ನೆಯಿಂದ ನಿಮ್ಮ ಫೋನೇ ಹನ್ನೆರಡು ಸಲ ಬಂತು.

ಸಿಆರ್‌ಪಿ: ಅದಿರ್ಲಿ. ಮಕ್ಕಳ ಅಂಕ ಎಸ್‌ಎಟಿಎಸ್ ಪೋರ್ಟಲ್‌ಗೆ ಹಾಕಿದ್ರಾ?

ಮೇಷ್ಟ್ರು: ಸರ್ವರ್ ಎದ್ದಾಗ ನಾನು ಮಲಗಿರ್ತೀನಿ, ನಾನು ಎದ್ದಾಗ ಅದು. ವರ್ಷಕ್ಕೆ ರೂಪಣಾತ್ಮಕ ಪರೀಕ್ಷೆ ನಾಲ್ಕು, ಸಂಕಲನಾತ್ಮಕ ಎರಡು, ಮಧ್ಯೆ ಇಂಥವು.

ಸಿಆರ್‌ಪಿ: ಮತ್ತೆ ಪಾಠ ಯಾವಾಗ ಮಾಡ್ತೀರಿ?

ಮೇಷ್ಟ್ರು: ಅದಕ್ಕೊಂದು ನಮೂನೆ ಬಂದರೆ ಕಳಿಸಿ ಸಾರ್, ಇವತ್ತೇ ತುಂಬಿ ಕೊಡ್ತೀನಿ.