ಎನ್‌ಡಿಪಿಎಸ್ ಕಾಯ್ದೆಯವರಿಗೆ, ಶಿರವಾಡದಿಂದ

ಮಾನ್ಯ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯವರೇ,

ಕಾರವಾರದ ಔಷಧ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ತಮ್ಮ ಜಾಣತನಕ್ಕೆ ತಲೆದೂಗಿದ್ದೇನೆ. ಒಂದೇ ಗಿಡದ ಎಲೆ ಅರೆದರೆ ಭಂಗಿ, ಅದು ತಮ್ಮ ಲೆಕ್ಕಕ್ಕಿಲ್ಲ. ಹೂವು ಕಿತ್ತರೆ ಗಾಂಜಾ, ಅದಕ್ಕೆ ಜೈಲು. ಅದೂ ತಕ್ಕಡಿಯಲ್ಲಿಟ್ಟು. ಒಂದು ಕಿಲೋ ತನಕ ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ 10ರಿಂದ 20 ವರ್ಷ. ಸಂತೆಯಲ್ಲಿ ಸಗಟು ಕೊಂಡವನಿಗೆ ರಿಯಾಯಿತಿ, ತಮ್ಮಲ್ಲಿ ಉಲ್ಟಾ.

ಇನ್ನು ಗಸಗಸೆ. ಕಾಯಿ ಗೀರಿದರೆ ಸೋರುವ ಹಾಲು ಅಫೀಮು. ಒಳಗಿನ ಬೀಜ ಪಾಯಸ! ಬೀಜ ಅಂಕೋಲೆಯ ಕಿರಾಣಿ ಅಂಗಡಿಯಲ್ಲಿ ಕೇಳಿದಷ್ಟು ಸಿಗುತ್ತದೆ. ಅಫೀಮಿನಿಂದ ಮಾರ್ಫಿನ್ ತೆಗೆಯಲು ಸರ್ಕಾರದ್ದೇ ಕಾರ್ಖಾನೆಗಳಿವೆ, ನೀಮಚ್ ಮತ್ತು ಘಾಜಿಪುರದಲ್ಲಿ. ಬೆಳೆಯುವ ರೈತರಿಗೆ ಪರವಾನಗಿ ಕೊಡುವುದೂ ಸರ್ಕಾರವೇ.

ನಮ್ಮ ಆಯಿಗೆ ಕ್ಯಾನ್ಸರ್ ಎಲುಬಿಗಿಳಿದಿದೆ. ಮಂಗಳೂರಿನ ಡಾಕ್ಟರು 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಚೀಟಿ ಕೊಟ್ಟರೆ ಅಂಗಡಿಯವ ಮೊದಲು ನನ್ನ ಕಣ್ಣು ನೋಡಿದ, ಆಮೇಲೆ ತೋಳು. "ಇಂಥದ್ದೆಲ್ಲ ನಾವು ಇಡೂದಿಲ್ಲ ಮಾರಾಯ್ರೆ, ಯಾರಿಗೆ ಬೇಕು ಆ ರಗಳೆ?" ಗಸಗಸೆ ಕೇಳಿದ್ದರೆ ಪೊಟ್ಟಣ ಕಟ್ಟಿಕೊಡುವವರಿದ್ದರು.

2014ರಲ್ಲಿ ತಮಗೇ ತಿದ್ದುಪಡಿಯಾಯಿತು. ಆಮೇಲೆ ಮಾರ್ಫಿನ್ ಸೇರಿ ಆರು ಔಷಧಗಳು 'ಅತ್ಯಗತ್ಯ' ಎಂದಾದವು. ಮಾನ್ಯತೆ ಪಡೆದ ಆಸ್ಪತ್ರೆ ಹತ್ತೆಂಟು ಲೈಸೆನ್ಸಿಗೆ ಅಲೆಯಬೇಕಿಲ್ಲ ಎಂದೂ ಆಯಿತು. ಗೆಜೆಟ್ ಓದಿದವರು ದೆಹಲಿಯಲ್ಲಿರಬಹುದು. ಇಲ್ಲಿ ಹೆದರಿಕೆ ಇನ್ನೂ 1985ರದ್ದೇ. ದೊಡ್ಡಾಸ್ಪತ್ರೆ ಕೊಡಿ ಎಂದು ಕೂಗಿ ಗಂಟಲು ಕಟ್ಟಿದ ಜಿಲ್ಲೆ ಇದು. ತಲೆ ಒಡೆದರೂ ಎದೆ ಹಿಡಿದರೂ ಕಾಳಿ ಸೇತುವೆ ದಾಟಿ ಗೋವೆಗೆ, ಇಲ್ಲವೇ ಮಂಗಳೂರಿಗೆ ಓಡುತ್ತೇವೆ. ನೋವಿನ ಮಾತ್ರೆಗೂ ಓಡಬೇಕೇ?

ಆಯಿ ರಾತ್ರಿ ಕೂಗುವುದು ಪಕ್ಕದ ಮನೆಗೂ ಕೇಳುತ್ತದೆ. ಇದರಲ್ಲಿ ತಮಾಷೆ ಏನೂ ಇಲ್ಲ, ಸಾಹೇಬರೇ. ಗಾಂಜಾ ಬೇಕಾದ ಹುಡುಗರಿಗೆ ಚೀಟಿ ಇಲ್ಲದೆಯೂ ಸಿಗುತ್ತಿದೆ. ತಮಗೆ ಹೆದರಿದ್ದು ಚೀಟಿ ನೋಡಿದ ಅಂಗಡಿಯವ ಒಬ್ಬನೇ.

ಈ ಜಿಲ್ಲೆಯಲ್ಲಿ ಮಾರ್ಫಿನ್ ಯಾವ ಬಾಗಿಲಲ್ಲಿ ಕೇಳಬೇಕು ಎಂದು ಒಂದು ಬೋರ್ಡಾದರೂ ಹಾಕಿಸಿ. ಅಲ್ಲಿಯವರೆಗೆ ಆಯಿಗೆ ಗಸಗಸೆ ಪಾಯಸವನ್ನೇ ಕುಡಿಸುತ್ತೇವೆ. ಅದಕ್ಕೂ ಕಲಂ ಇದ್ದರೆ ಮೊದಲೇ ತಿಳಿಸಿ, ಪಾತ್ರೆ ತೊಳೆದಿಡುತ್ತೇವೆ.

ಇಂತಿ,
ಶಿರವಾಡದ ಒಬ್ಬ (ಸದ್ಯ ಜಾಮೀನು ಬೇಕಿಲ್ಲದವ)