ಇಡ್ಲಿ ತಟ್ಟೆಯೂ ಸಮ್ಯಕ್ ಸ್ಮೃತಿಯೂ

ಒಳ್ಳೆಯದನ್ನೇ ಯೋಚಿಸಿ ಎಂದು ಉಪದೇಶ ಮಾಡುವವರು ನಮ್ಮಲ್ಲಿ ಒಳ್ಳೆಯದನ್ನು ಯೋಚಿಸುವವರಿಗಿಂತ ಯಾವತ್ತೂ ಹೆಚ್ಚು. ಬೆಳಗ್ಗೆ ಹಾಲಿನವನು ಬರುವ ಮೊದಲೇ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಸೂರ್ಯೋದಯ, ಕಮಲ, ಕಣ್ಣುಮುಚ್ಚಿದ ಬುದ್ಧ ಮೂರೂ ಬಂದು ಕೂತಿರುತ್ತವೆ. ಕೆಳಗೆ ಬುದ್ಧ ಕನಸಿನಲ್ಲೂ ಆಡಿರದ ಒಂದು ಮಾತು. ಕಳಿಸಿದವರು ನಮ್ಮ ಚಿಕ್ಕತ್ತೆ. ಇನ್ನೊಂದು ಗಳಿಗೆಗೆ ಅವರದೇ ಫೋನು: ಮೊನ್ನೆಯ ಮದುವೆಮನೆಯಲ್ಲಿ ಯಾರು ತಮ್ಮನ್ನು ಕಂಡೂ ಕಾಣದಂತೆ ಹೋದರು, ಯಾರು ಕುಂಕುಮ ಕೊಡಲಿಲ್ಲ ಎಂಬ ಪಟ್ಟಿ. "ನಾವು ಮಾತ್ರ ಪಾಸಿಟಿವ್ ಆಗಿರಬೇಕು ಕಣೇ" ಎಂಬುದು ಪಟ್ಟಿಯ ಮಂಗಳಾರತಿ.

ಹಾಗಾದರೆ ಈ ಬುದ್ಧ ನಿಜವಾಗಿ ಹೇಳಿದ್ದಾದರೂ ಏನು ಎಂದು ಅವನ ಸುತ್ತಗಳ, ಅಂದರೆ ಉಪದೇಶಗಳ, ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ ಅನುವಾದ ಹಿಡಿದು ಕೂತೆ. ಅದರ 19ನೆಯ ಸುತ್ತ, ದ್ವೇಧಾವಿತಕ್ಕ. ಬೋಧಿ ದೊರಕುವ ಮುಂಚೆ ತನ್ನ ಯೋಚನೆಗಳನ್ನು ಎರಡು ಪಾಲು ಮಾಡಿಕೊಂಡ ಕಥೆಯನ್ನು ಬುದ್ಧ ಅಲ್ಲಿ ಭಿಕ್ಷುಗಳಿಗೆ ಹೇಳುತ್ತಾನೆ. ಆಸೆ, ದ್ವೇಷ, ಹಿಂಸೆಯ ಯೋಚನೆಗಳು ಒಂದು ಪಾಲು. ಅವುಗಳಿಂದ ಬಿಡಿಸಿಕೊಂಡವು ಇನ್ನೊಂದು. ಪೈರು ತುಂಬಿ ನಿಂತ ಕಾಲದಲ್ಲಿ ದನಗಾಹಿ ಕೋಲು ಹಿಡಿದು ದನಗಳನ್ನು ಅತ್ತಿತ್ತ ಗದರಿಸುತ್ತಲೇ ಇರಬೇಕು, ಇಲ್ಲವಾದರೆ ದಂಡ ತೆರಬೇಕು. ಫಸಲೆಲ್ಲ ಊರೊಳಗೆ ಸೇರಿದ ಮೇಲೆ ಅವನು ಮರದ ಬುಡದಲ್ಲಿ ಹಾಯಾಗಿ ಕೂತು, ದನ ಅಲ್ಲಿವೆ ಎಂದು ನೆನಪಿಟ್ಟುಕೊಂಡರೆ ಸಾಕು. ಕೆಟ್ಟ ಯೋಚನೆಗೆ ಕೋಲು, ಒಳ್ಳೆಯದಕ್ಕೆ ಬರೀ ಎಚ್ಚರ. ನನ್ನ ತಲೆಯೊಳಗಿನ ಹೊಲದಲ್ಲಿ ವರ್ಷಪೂರ್ತಿ ಪೈರು ನಿಂತೇ ಇರುತ್ತದೆ, ಅದು ಬೇರೆ ಮಾತು.

ಅದೇ ಸುತ್ತದಲ್ಲಿ ನಮ್ಮ ಗ್ರೂಪಿನವರು ಯಾರೂ ಫಾರ್ವರ್ಡ್ ಮಾಡಲಾರದ ಒಂದು ಮಾತೂ ಇದೆ. ಒಳ್ಳೆಯ ಯೋಚನೆಯಲ್ಲಿ ಭಯಪಡುವಂಥದ್ದು ಏನೂ ಇಲ್ಲ, ಆದರೆ ಅದನ್ನೂ ವಿಪರೀತ ಹೊತ್ತು ಯೋಚಿಸುತ್ತಲೇ ಇದ್ದರೆ ಮೈ ದಣಿಯುತ್ತದೆ, ಮೈ ದಣಿದರೆ ಮನಸ್ಸು ಕದಡುತ್ತದೆ ಎನ್ನುತ್ತಾನೆ ಬುದ್ಧ. ಬೆಳಗಿನಿಂದ ಸಂಜೆವರೆಗೆ ಸದ್ವಿಚಾರವನ್ನೇ ಅರೆಯುವವರು ರಾತ್ರಿ ಅಷ್ಟೊಂದು ಸಿಡುಕುವುದು ಏಕೆಂದು ನನಗೆ ಆಗ ತಿಳಿಯಿತು. ಪಾಪ, ಅವರಿಗೆ ಸುಸ್ತು!

ಮುಂದಿನ ಸುತ್ತ ವಿತಕ್ಕಸಂಠಾನದಲ್ಲಿ ಕೆಟ್ಟ ಯೋಚನೆಗೆ ಐದು ಉಪಾಯಗಳಿವೆ. ಎದುರುಮನೆಯವರು ತಮ್ಮ ಸ್ಕೂಟರನ್ನು ನಮ್ಮ ಗೇಟಿಗೇ ಅಡ್ಡ ನಿಲ್ಲಿಸುವುದರಿಂದ ಪ್ರಯೋಗಕ್ಕೆ ನಾನು ಎಲ್ಲೂ ಹೋಗಬೇಕಾಗಿಲ್ಲ. ಮೊದಲನೆಯದು, ಬಡಗಿ ಸಣ್ಣ ಗೂಟದಿಂದ ದೊಡ್ಡ ಗೂಟವನ್ನು ಹೊರದಬ್ಬುವಂತೆ ಒಳ್ಳೆಯ ಯೋಚನೆಯಿಂದ ಕೆಟ್ಟದ್ದನ್ನು ತಳ್ಳುವುದು: ಸ್ಕೂಟರ್ ನೋಡಿದ ಕೂಡಲೇ ಅವರು ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ನೆನೆಯುತ್ತೇನೆ. ಎರಡನೆಯದು, ಆ ಯೋಚನೆಯಿಂದಾಗುವ ಕೇಡನ್ನು ಕಾಣುವುದು: ನನ್ನ ಬಿಪಿ ಮಾತ್ರೆಯ ಬೆಲೆ. ಮೂರನೆಯದು, ಕಣ್ಣು ಹೊರಳಿಸಿ ಅತ್ತ ಗಮನವನ್ನೇ ಕೊಡದಿರುವುದು. ನಾಲ್ಕನೆಯದು, ಓಡುವ ಯೋಚನೆಯ ವೇಗ ತಗ್ಗಿಸುವುದು. ಬಿರಬಿರನೆ ನಡೆಯುವವನು ಇಷ್ಟು ಅವಸರವೇಕೆ ಎಂದುಕೊಂಡು ಮೆಲ್ಲಗೆ ನಡೆದು, ನಿಂತು, ಕೂತು, ಕೊನೆಗೆ ಮಲಗುವಂತೆ. ಇದರಲ್ಲಿ ಮಲಗುವ ಭಾಗ ನನಗೆ ಚೆನ್ನಾಗಿ ಸಿದ್ಧಿಸಿದೆ. ಇವು ಯಾವುವೂ ನಾಟದಿದ್ದರೆ ಐದನೆಯದು, ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಮನಸ್ಸನ್ನು ಮನಸ್ಸಿನಿಂದಲೇ ಅದುಮುವುದು. ಬುದ್ಧ ಹಲ್ಲು ಕಚ್ಚುವುದನ್ನು ಕೊನೆಗಿಟ್ಟ. ಸೊಸೆಯಾಗಿ ಬಂದವರೆಲ್ಲ ಅಲ್ಲಿಂದಲೇ ಶುರುಮಾಡಿರುತ್ತೇವೆ.

ನಮ್ಮ ಮನೆಯವರು ವಿಪಶ್ಯನ ಶಿಬಿರಕ್ಕೆ ಹೋಗಿ ಬಂದವರು. ಹತ್ತು ದಿನ ಮಾತಿಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ. ಆ ಹತ್ತು ದಿನ ಮನೆಯಲ್ಲೂ ಅಪೂರ್ವ ಶಾಂತಿ ನೆಲೆಸಿತ್ತು. ಈ ಪದ್ಧತಿಯನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಎಸ್. ಎನ್. ಗೋಯೆಂಕಾ ವ್ಯಾಪಾರಿ, ಅವರಿಗೆ ಕಲಿಸಿದ ಊ ಬಾ ಖಿನ್ ಬರ್ಮಾ ಸರಕಾರದ ಅಕೌಂಟೆಂಟ್ ಜನರಲ್. ಇಬ್ಬರೂ ಸಂಸಾರಸ್ಥರು ಎಂಬುದು ನನಗೆ ದೊಡ್ಡ ಸಮಾಧಾನ. ಇವರಿಗೆ ಮಾತ್ರ ಬೆಳಗಿನ ಸೊಪ್ಪಿನ ಗಾಡಿ, ಕಸದ ಗಾಡಿ, ಗ್ಯಾಸಿನ ಗಾಡಿ ಮೂರೂ ಬರುವ ಹೊತ್ತಿಗೇ ಧ್ಯಾನ.

"ರೀ, ಸಿಲಿಂಡರ್ ಬಂದಿದೆ."

"ಉಸಿರು ನೋಡ್ಕೋತಾ ಇದ್ದೀನಿ ಕಣೇ, ಕೂಗಬೇಡ."

ಸತಿಪಟ್ಠಾನ ಸುತ್ತವನ್ನು ಇವರ ಮುಂದೆ ತೆರೆದಿಟ್ಟೆ. ನಡೆಯುವಾಗ, ಬಗ್ಗುವಾಗ, ಕೈಕಾಲು ಚಾಚುವಾಗ, ಉಣ್ಣುವಾಗ, ಪಾತ್ರೆ ಹಿಡಿಯುವಾಗ, ಬಚ್ಚಲಿಗೆ ಹೋದಾಗಲೂ ಎಚ್ಚರವಿರಬೇಕು ಎಂದಿದೆ ಅಲ್ಲಿ. ಬಗ್ಗುವುದೂ ಕೈ ಚಾಚುವುದೂ ಬಂದ ಮೇಲೆ ಸಿಲಿಂಡರ್ ಎತ್ತುವುದು ಬಾರದೇ ಇರುತ್ತದೆಯೇ? ಇವರು ಎದ್ದರು. ನನ್ನ ಸಂಸಾರದಲ್ಲಿ ಪಾಲಿ ಭಾಷೆ ನೇರವಾಗಿ ಉಪಯೋಗಕ್ಕೆ ಬಂದದ್ದು ಆವತ್ತು.

ಇನ್ನು ನನ್ನ ಸಾಧನೆ. ಪಾತ್ರೆ ತೊಳೆಯುವಾಗ ಪಾತ್ರೆಯನ್ನಷ್ಟೇ ತೊಳೆಯಬೇಕು, ಆಮೇಲೆ ಕುಡಿಯುವ ಚಹಾ ನೆನೆಯುತ್ತ ತೊಳೆಯಬಾರದು ಎಂದವರು ವಿಯೆಟ್ನಾಮಿನ ಭಿಕ್ಷು ಥಿಕ್ ನ್ಯಾತ್ ಹಾನ್. ಹಿಟ್ಟು ಒಣಗಿ ಕಚ್ಚಿಕೊಂಡ ಇಡ್ಲಿ ತಟ್ಟೆಯನ್ನು ಅವರು ಕಂಡಿರಲಿಕ್ಕಿಲ್ಲ, ಅದಕ್ಕೇ ಹೀಗೆ ಹೇಳುತ್ತಾರೆ ಎಂದು ಗೊಣಗಿದೆ. ಮುಂದೆ ಓದಿದರೆ, ಮರಿಭಿಕ್ಷುವಾಗಿದ್ದಾಗ ಇಬ್ಬರೇ ಸೇರಿ ನೂರಕ್ಕೂ ಹೆಚ್ಚು ಭಿಕ್ಷುಗಳಿಗೆ ಅಡುಗೆ ಮಾಡಿ ಪಾತ್ರೆ ತೊಳೆಯಬೇಕಾಗುತ್ತಿತ್ತಂತೆ. ಸೋಪಿಲ್ಲ, ಬೂದಿ, ಭತ್ತದ ಹೊಟ್ಟು, ತೆಂಗಿನ ನಾರು. ನಮ್ಮಜ್ಜಿಯ ಬಚ್ಚಲೊಲೆ ಪಕ್ಕದ ಸರಂಜಾಮೇ! ಅಂಥವರ ಮಾತಿಗೆ ಎದುರಾಡುವುದು ಹೇಗೆ? ಈಗ ತಟ್ಟೆಯ ಒಂದೊಂದು ಕುಳಿಗೂ ಬೆರಳಿಟ್ಟು ತಿಕ್ಕುತ್ತೇನೆ. ನಡುವೆ ಚಿಕ್ಕತ್ತೆಯ ಪಟ್ಟಿ ನುಸುಳುತ್ತದೆ. ಬಂತು ಎಂದು ಗುರುತಿಸಿ ಮುಂದಿನ ಕುಳಿಗೆ ಹೋಗುತ್ತೇನೆ. ಸಿಟ್ಟು ಮಾಯವಾಗುವುದಿಲ್ಲ, ಆದರೆ ಇಡ್ಲಿ ತಟ್ಟೆ ಮುಗಿಯುವಷ್ಟರಲ್ಲಿ ಅದರ ಗಂಟಲು ಕಟ್ಟಿರುತ್ತದೆ.

ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಈ ಎಚ್ಚರ, ಏಳನೆಯದು, ಅದಕ್ಕೂ ಮುಂಚೆ ಸಮ್ಯಕ್ ಪ್ರಯತ್ನ ಬರುತ್ತದೆ. ಒಳ್ಳೆಯ ಯೋಚನೆಯನ್ನು ಹೊರಗಿನಿಂದ ತಂದು ಮನಸ್ಸಿಗೆ ಅಂಟಿಸಲಾಗದು. ಬಂದದ್ದು ಯಾವ ಪಾಲಿನದೆಂದು ನೋಡಿ ಕೆಟ್ಟದ್ದಕ್ಕೆ ಕೋಲು ತೋರಿಸಿದರೆ ಒಳ್ಳೆಯದು ತಾನಾಗಿ ಮೇಯುತ್ತದೆ. ಇದಕ್ಕೆ ಮಠ ಬೇಡ, ಶುಲ್ಕವಿಲ್ಲ, ಸಿಂಕ್ ಒಂದಿದ್ದರೆ ಸಾಕು. ಗಂಡಸರಿಗೂ ಈ ಸಾಧನೆಗೆ ಪೂರ್ಣ ಅಧಿಕಾರವಿದೆ. ದಯವಿಟ್ಟು ಇಂದು ರಾತ್ರಿಯ ಊಟವಾದ ಮೇಲೆಯೇ ಆರಂಭಿಸಿ.